ತೈಪೆಯ ಕೊನೆಯ ಬೆಂಚು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2003ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವನು. ಆಮೇಲೆ ದಾವಣಗೆರೆಯಲ್ಲಿ ಪಿಯುಸಿ, ಬಿ.ಇ., ಅಲ್ಲಿಂದ ಬೆಂಗಳೂರು. ಸಮಿತಿಯವರು ಫೋನ್ ಮಾಡಿ, 'ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪ, ಮಕ್ಕಳಿಗೆ ಕೆಲಸ ಹೆಂಗೆ ಸಿಗುತ್ತೆ ಹೇಳು' ಎಂದರು. 'ನಾನು ಚೀನೀ ಭಾಷೆ ಕಲಿಯೋಕೆ ಹೋಗಿದ್ದನ್ನ ಹೇಳ್ತೀನಿ' ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, 'ಆಯ್ತು, ಹದಿನೈದೇ ನಿಮಿಷ' ಎಂದರು. ಗಡಿಯಾರ ಮುಂದೆಯೇ ಇದೆ, ನೋಡಿಕೊಂಡೇ ಮಾತಾಡುತ್ತೇನೆ.

ನನ್ನ ಕೆಲಸ ಯಂತ್ರಗಳ ಒಳಗಿರುವ ಸಣ್ಣ ಸಣ್ಣ ಬೋರ್ಡುಗಳಿಗೆ ತಂತ್ರಾಂಶ ಬರೆಯುವುದು. ಆ ಬೋರ್ಡು, ಚಿಪ್ಪು ಬಹುಪಾಲು ಬರುತ್ತಿದ್ದುದು ತೈವಾನಿನಿಂದ. ಅಲ್ಲಿಯ ಎಂಜಿನಿಯರುಗಳ ಜೊತೆ ವಾರಕ್ಕೆ ಮೂರು ದಿನ ಬೆಳಗ್ಗೆ ಏಳಕ್ಕೆಲ್ಲ ಫೋನಿನಲ್ಲಿ ಮೀಟಿಂಗು. ನಾವೊಂದು ತೊಂದರೆ ಹೇಳಿದರೆ ಅವರವರೇ ಹತ್ತು ನಿಮಿಷ ಚೀನೀಯಲ್ಲಿ ಜೋರಾಗಿ ಚರ್ಚೆ ಮಾಡುತ್ತಿದ್ದರು. ಕೊನೆಗೆ ಒಬ್ಬರು ನಮಗೆ ಇಂಗ್ಲಿಷಿನಲ್ಲಿ, 'ನೋ ಪ್ರಾಬ್ಲಂ' ಎನ್ನುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಏನಿತ್ತು ಎಂಬ ಹಸಿವು ನನಗೆ ಹಿಡಿಯಿತು. ತೈವಾನಿನ ಶಿಕ್ಷಣ ಇಲಾಖೆ ಹೊರದೇಶದವರಿಗೆ ಭಾಷೆ ಕಲಿಯಲು ವಿದ್ಯಾರ್ಥಿವೇತನ ಕೊಡುತ್ತದೆ. ಆಗ ತಿಂಗಳಿಗೆ 25,000 ತೈವಾನ್ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಐವತ್ತು ಸಾವಿರ ರೂಪಾಯಿ. ಅರ್ಜಿ ಹಾಕಿದೆ, ಸಿಕ್ಕಿತು. ಕಂಪನಿಯವರು ಸಂಬಳವಿಲ್ಲದ ರಜೆ ಕೊಟ್ಟರು. ಅಪ್ಪ ಆಗ ನನಗೆ ಹೆಣ್ಣು ನೋಡುತ್ತಿದ್ದರು. 'ಮೂವತ್ತು ವರ್ಷಕ್ಕೆ ಮತ್ತೆ ಒಂದನೇ ಕ್ಲಾಸಿಗೆ ಹೋಗ್ತೀಯೇನಲೇ?' ಎಂದು ಕೇಳಿದರು. ಅವರು ತಮಾಷೆಗೆ ಹೇಳಿದ್ದು ನಿಜವೇ ಆಯಿತು.

2017ರ ಸೆಪ್ಟೆಂಬರಿನಲ್ಲಿ ತೈಪೆಗೆ ಹೋದೆ. ನಾನು ಸೇರಿದ್ದು ನ್ಯಾಷನಲ್ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ಕೇಂದ್ರ. 1956ರಲ್ಲಿ ಶುರುವಾದ ಹಳೆಯ ಸಂಸ್ಥೆ. ಅಲ್ಲಿಯ ತೀವ್ರ ತರಗತಿ ಎಂದರೆ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ, ಒಂದು ಕೋಣೆಗೆ ಏಳೆಂಟೇ ಜನ. ಪಾಠ ಮೊದಲ ದಿನದಿಂದಲೂ ಚೀನೀಯಲ್ಲೇ. ಇದಕ್ಕಿಂತ ಕಟ್ಟುನಿಟ್ಟಿನ ಜಾಗಗಳೂ ಇವೆ. ಅಮೆರಿಕದ ಮಿಡಲ್‌ಬರಿ ಎಂಬಲ್ಲಿ 1915ರಿಂದ ಬೇಸಿಗೆ ಭಾಷಾ ಶಾಲೆ ನಡೆಯುತ್ತಿದೆ. ಈಗ ಅಲ್ಲಿ ಸೇರುವವರು, ಕಲಿಯುವ ಭಾಷೆ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು.

ಇದೆಲ್ಲ ನಮಗೆ ಹೊಸದೇನಲ್ಲ. ನಮ್ಮೂರಲ್ಲಿ ಈಜು ಕಲಿಸುವುದು ಹೇಗೆ? ಪುಸ್ತಕ ಓದಿಸಿ ಅಲ್ಲ. ಸೊಂಟಕ್ಕೆ ಬೆಂಡು ಕಟ್ಟಿ ಬಾವಿಗೆ ಇಳಿಸುತ್ತಾರೆ. ಮೇಲೆ ಮಾವನೋ ಅಣ್ಣನೋ ಹಗ್ಗ ಹಿಡಿದು ನಿಂತಿರುತ್ತಾನೆ. ಈ ಬೆಂಡು, ಹಗ್ಗ ಎರಡನ್ನೂ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಮೊದಲ ದಿನ ಅಧ್ಯಾಪಕಿ ಒಳಗೆ ಬಂದರು. ತಮ್ಮ ಎದೆ ಮುಟ್ಟಿಕೊಂಡು ಏನೋ ಹೇಳಿದರು, ನನ್ನ ಕಡೆ ಕೈ ತೋರಿಸಿ ಏನೋ ಕೇಳಿದರು. ಎಂಟು ವರ್ಷ ಅನುಭವದ ಎಂಜಿನಿಯರ್, ಕೈಕೆಳಗೆ ಆರು ಜನ ಇದ್ದವನು, ಬಾಯಿ ತೆರೆದು ಕೂತೆ. ಪಕ್ಕದಲ್ಲಿದ್ದ ಜಪಾನಿನವರಿಗೆ ಅಕ್ಷರಗಳು ಮೊದಲೇ ಗೊತ್ತು, ಅವರ ಬರಹಕ್ಕೂ ಅವೇ ಮೂಲ. ವಿಯೆಟ್ನಾಮಿನ ಹುಡುಗಿಗೆ ಸ್ವರದ ಏರಿಳಿತ ಹುಟ್ಟಿನಿಂದ ಬಂದದ್ದು. ನನಗೆ ಎರಡೂ ಇಲ್ಲ. ಅಲ್ಲಿ ಬೆಂಚುಗಳೇ ಇರಲಿಲ್ಲ, ಮೇಜುಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿದ್ದರು. ಆದರೂ ಎರಡನೇ ವಾರಕ್ಕೆ ನಾನು ಕೊನೆಯ ಬೆಂಚಿಗೆ ಹೋಗಿದ್ದೆ. ದಿನಾ ಉಕ್ತಲೇಖನ, ದಿನಾ ಕೆಂಪು ಶಾಯಿ. ನಾಲ್ಕನೇ ವಾರ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ನನ್ನ ಬಗ್ಗೆ ನಾನು ಹೇಳಬಲ್ಲ ಮಾತು ಮೂರೇ: ನಾನು ಭಾರತದವನು, ನಾನು ಎಂಜಿನಿಯರ್, ನನಗೆ ಚಹಾ ಇಷ್ಟ. ಇಡೀ ಮನುಷ್ಯ ಆ ಮೂರು ವಾಕ್ಯಕ್ಕೆ ಇಳಿದುಬಿಟ್ಟಿದ್ದ.

ಚೀನೀಯಲ್ಲಿ ಎಣಿಸುವಾಗ ಸಂಖ್ಯೆಯ ಮುಂದೆ ಒಂದು ಪದ ಬೇಕು. ಪುಸ್ತಕಕ್ಕೆ ಒಂದು, ಕಾಗದದಂಥ ಚಪ್ಪಟೆ ವಸ್ತುವಿಗೆ ಇನ್ನೊಂದು, ಪ್ರಾಣಿಗೆ ಬೇರೆ, ಗೌರವದ ವ್ಯಕ್ತಿಗೆ ಬೇರೆ. ನಾವು 'ಮೂರು ಮೇಷ್ಟ್ರು' ಎನ್ನದೆ 'ಮೂವರು ಮೇಷ್ಟ್ರು' ಎನ್ನುತ್ತೇವಲ್ಲ, ಆ ಜಾತಿಯದು. 'ನಿಮ್ಮ ಶಾಲೆಯ ಬಗ್ಗೆ ಹೇಳಿ' ಎಂದರು. ನಾನು ಎದ್ದುನಿಂತು, ಹೆಮ್ಮೆಯಿಂದ ನಿಮ್ಮೆಲ್ಲರನ್ನೂ ನೆನೆದು, 'ನಮ್ಮ ಶಾಲೆಯಲ್ಲಿ ಎಂಟು ಮೇಷ್ಟ್ರು ಇದ್ದರು' ಎಂದೆ. ಬಳಸಿದ್ದು ನಾಯಿ, ಬೆಕ್ಕು, ಕೋಳಿ ಎಣಿಸುವ ಪದ. ಗುರುಗಳು ಕ್ಷಮಿಸಬೇಕು. ಕೋಣೆಯೆಲ್ಲ ನಕ್ಕಿತು. ಅಧ್ಯಾಪಕಿಯೂ ನಕ್ಕರು. ನಕ್ಕ ಮೇಲೆ ಎರಡೂ ಪದಗಳನ್ನು ಬೋರ್ಡಿನ ಮೇಲೆ ಬರೆದು ಪ್ರತಿಯೊಬ್ಬರಿಂದಲೂ ಹೇಳಿಸಿದರು, ನಕ್ಕವರಿಂದಲೂ. ಅವರಲ್ಲಿ ಇಬ್ಬರು ತಪ್ಪಿದರು. ಮರುದಿನ ಬೇಕೆಂದೇ ನನಗೆ ಅದೇ ಪ್ರಶ್ನೆ ಕೇಳಿದರು. ಸರಿಯಾಗಿ ಹೇಳಿದೆ. ಮುಂದಿನ ಪಾಠಕ್ಕೆ ಹೋದರು, ಅಷ್ಟೇ.

ಹೊರಗೂ ಕಲಿಸುವವರು ಇದ್ದರು. ಬೆಳಗಿನ ಮಾರುಕಟ್ಟೆಯಲ್ಲಿ ಪೇರಲ ಹಣ್ಣು ಮಾರುವ ಹೆಂಗಸೊಬ್ಬರ ಹತ್ತಿರ ಹೋಗಿ, ಇಡೀ ರಾತ್ರಿ ಬಾಯಿಪಾಠ ಮಾಡಿದ್ದ ವಾಕ್ಯ ಹೇಳಿದೆ. 'ಮಾಯ್' ಎಂಬ ಒಂದೇ ಪದ, ದನಿ ಇಳಿಸಿ ಏರಿಸಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಎಸೆದರೆ ಮಾರುವುದು. ನಾನು ಎಸೆದೆ. ಪೇರಲದ ರಾಶಿಯ ಹಿಂದೆ ಕೂತ ಆಕೆಗೆ, 'ನಾನು ಪೇರಲ ಮಾರುತ್ತೇನೆ' ಎಂದಹಾಗಾಯಿತು. ಆಕೆ ಗಂಭೀರವಾಗಿ, 'ಕಿಲೋ ಎಷ್ಟು?' ಎಂದು ನನ್ನನ್ನೇ ಕೇಳಿದರು. ಆಮೇಲೆ ಗಿರಾಕಿಗಳನ್ನು ನಿಲ್ಲಿಸಿಕೊಂಡು ನನ್ನಿಂದ ಆರೇಳು ಸಲ ಹೇಳಿಸಿ, ಸರಿ ಬಂದ ಮೇಲೆಯೇ ತಕ್ಕಡಿ ಎತ್ತಿದರು. ಒಂದು ಹಣ್ಣು ಕೊಸರು ಹಾಕಿದರು.

ನನ್ನ ದಿಕ್ಕು ಬದಲಾದದ್ದು ಎರಡನೇ ತಿಂಗಳಲ್ಲಿ, ಅದೂ ನಮ್ಮ ಕನ್ನಡ ಮೇಷ್ಟ್ರಿಂದ. ಅವರು ಇಲ್ಲೇ ಕೂತಿದ್ದಾರೆ. ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಎಂಬ ಕ್ರಮವಿದೆ, 1958ರಲ್ಲಿ ಚೀನಾ ಒಪ್ಪಿಕೊಂಡದ್ದು. ನಾನು ಅದರಲ್ಲೇ ಟಿಪ್ಪಣಿ ಬರೆಯುತ್ತಿದ್ದೆ. ಅದರಲ್ಲಿ 'ಬಿ' ಅಕ್ಷರ ಕಂಡರೆ ನನ್ನ ಬಾಯಿ 'ಬ' ಎನ್ನುತ್ತಿತ್ತು, 'ಡಿ' ಕಂಡರೆ 'ದ'. ಅಧ್ಯಾಪಕಿ ಪ್ರತಿಸಲ ತಲೆ ಅಲ್ಲಾಡಿಸುತ್ತಿದ್ದರು. ಒಂದು ದಿನ ಅವರು ಬಾಯಿಯ ಮುಂದೆ ತೆಳು ಕಾಗದ ಹಿಡಿದು ತೋರಿಸಿದರು. ಒಂದು ಅಕ್ಷರಕ್ಕೆ ಕಾಗದ ಹಾರಿತು, ಇನ್ನೊಂದಕ್ಕೆ ಹಾರಲಿಲ್ಲ. ಥಟ್ಟನೆ ಎಂಟನೇ ತರಗತಿ ನೆನಪಾಯಿತು. 'ಎದೆಯಿಂದ ಉಸಿರು ಬರಲಿ, ಮಹಾಪ್ರಾಣ! ಮಹಾ ಅಂದ್ರೆ ಏನೋ?' ಎಂದು ಮೇಷ್ಟ್ರು ನಮ್ಮ ಬಾಯಿಯ ಮುಂದೆ ಅಂಗೈ ಹಿಡಿಯುತ್ತಿದ್ದದ್ದು. ಇಂಗ್ಲಿಷಿನ 'ಬಿ' ಎಂದು ಬರೆದದ್ದು ನಿಜವಾಗಿ ನಮ್ಮ 'ಪ', 'ಪಿ' ಎಂದದ್ದು ನಮ್ಮ 'ಫ'. 'ಡಿ' ಎಂದದ್ದು 'ತ', 'ಟಿ' ಎಂದದ್ದು 'ಥ'. 'ಜಿ' ಎಂದದ್ದು 'ಕ', 'ಕೆ' ಎಂದದ್ದು 'ಖ'. ನಾವು ಬೀಜಿಂಗ್ ಎನ್ನುವ ಊರನ್ನು ಅವರು ಪೇಯ್‌ಚಿಂಗ್ ಎಂಬಂತೆ ಹೇಳುತ್ತಾರೆ. ಊರಿನಲ್ಲಿ ಯಾರೂ ಮಾತಾಡದ ಆ ಮಹಾಪ್ರಾಣ ಯಾಕೆ ಬೇಕು ಎಂದು ನಾವು ಆಗ ಗೊಣಗಿದ್ದೆವು. ಅದು ಸಾವಿರಾರು ಮೈಲಿ ಆಚೆ ಕೆಲಸಕ್ಕೆ ಬಂತು.

ಆ ರಾತ್ರಿಯೇ ಕುಳಿತು ನೋಟ್‌ಬುಕ್ಕನ್ನು ಕನ್ನಡ ಅಕ್ಷರದಲ್ಲಿ ಮತ್ತೆ ಬರೆದೆ. ತೈವಾನಿನ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವ 37 ಧ್ವನಿಚಿಹ್ನೆಗಳ ಒಂದು ಮಾಲೆ ಇದೆ. ಅದು ಶುರುವಾಗುವುದು ಪೊ, ಫೊ, ಮೊ ಎಂದು, ತುಟಿಯ ಅಕ್ಷರಗಳು ಒಂದು ಕಡೆ, ನಾಲಗೆಯವು ಒಂದು ಕಡೆ. ನಮ್ಮ ವರ್ಗೀಯ ವ್ಯಂಜನಗಳ ಹಾಗೆಯೇ. ಧ್ವನಿಗಳನ್ನು ಹೀಗೆ ಬಾಯಿಯ ಸ್ಥಾನದ ಮೇಲೆ ಜೋಡಿಸುವ ವಿಚಾರ ಚೀನೀ ಪಂಡಿತರಿಗೆ ಹಿಂದೆ ಬೌದ್ಧ ಭಿಕ್ಷುಗಳ ಜೊತೆ ಭಾರತದಿಂದ ಹೋದದ್ದಂತೆ. ಅಧ್ಯಾಪಕಿ ನನ್ನ ಪುಸ್ತಕ ಎತ್ತಿಕೊಂಡು, ಗುಂಡಗುಂಡಗಿನ ಅಕ್ಷರ ನೋಡಿ, 'ಇದನ್ನು ಓದಿ' ಎಂದರು. ಓದಿದೆ. ಆವತ್ತು ಅವರು ತಲೆ ಅಲ್ಲಾಡಿಸಲಿಲ್ಲ.

ಅಲ್ಲಿಂದ ನಾನು ಇಂಗ್ಲಿಷನ್ನು ದಾಟಿ ಹೋಗದೆ, ಕನ್ನಡದಿಂದ ನೇರ ಚೀನೀಗೆ ಹೋಗತೊಡಗಿದೆ. 'ಬಂದ್ಯಾ?', 'ಉಂಡ್ಯಾ?' ಎಂದು ನಾವು ಕೊನೆಯಲ್ಲಿ ದೀರ್ಘ ಎಳೆದರೆ ಪ್ರಶ್ನೆ ಆಗುತ್ತದಲ್ಲ, ಅವರು ಕೊನೆಗೆ 'ಮಾ' ಸೇರಿಸುತ್ತಾರೆ. ಸಂಬಂಧಗಳ ಪಾಠದ ದಿನ ಅಮೆರಿಕದ ಗೆಳೆಯ ತಲೆ ಹಿಡಿದು ಕೂತ. ಅವನಿಗೆ ಎಲ್ಲರೂ ಅಂಕಲ್, ಎಲ್ಲರೂ ಆಂಟಿ. ನನಗೆ ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ, ಸೋದರತ್ತೆ ಬೇರೆ. ಅವರಿಗೂ ಹಾಗೆಯೇ: ಪ್ವೊಪ್ವೊ, ಷೂಷು, ಚ್ಯೋಚ್ಯೋ, ಕೂಕು. ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲಕ್ಕೂ ಬೇರೆ ಬೇರೆ ಪದ. ಆವತ್ತು ಉಕ್ತಲೇಖನದಲ್ಲಿ ನನಗೇ ಹೆಚ್ಚು ಅಂಕ.

ಇದರಿಂದ ನಾನು ಭಾಷಾಪಂಡಿತ ಆದೆ ಎಂದುಕೊಳ್ಳಬೇಡಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಚೀನೀ ಕಲಿಸಲು ಇಟ್ಟಿರುವ ಲೆಕ್ಕ 2,200 ಗಂಟೆ. ನಾನು ತರಗತಿಯಲ್ಲಿ ಕೂತದ್ದು ಒಂಬತ್ತು ತಿಂಗಳಲ್ಲಿ 500 ಚಿಲ್ಲರೆ ಗಂಟೆ. ಚೀನಾ 2013ರಲ್ಲಿ ಹೊರಡಿಸಿದ ಅಕ್ಷರಪಟ್ಟಿಯ ಮೊದಲ ದರ್ಜೆಯಲ್ಲೇ 3,500 ಅಕ್ಷರಗಳಿವೆ. ನಾನು ಸಾವಿರ ಮುಟ್ಟಿದ್ದೆ, ಈಗ ಅರ್ಧ ಮರೆತಿದ್ದೇನೆ. ಮೀಟಿಂಗಿನ ಆ ಹತ್ತು ನಿಮಿಷ ಈಗ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಬಹಳ ಸಲ ಅವರು ಮಾತಾಡುವುದು ಮಧ್ಯಾಹ್ನ ಯಾವ ಹೋಟೆಲಿನಿಂದ ಊಟ ತರಿಸೋಣ ಎಂದು.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ನಾವು ನಾಲ್ವರು ಒಂದೇ ಮನೆಯಲ್ಲಿದ್ದೆವು, ಇಂಡೊನೇಷ್ಯಾದವನೊಬ್ಬ, ಜಪಾನಿನವನೊಬ್ಬ, ಆ ಅಮೆರಿಕದವನು, ನಾನು. ಮಿಡಲ್‌ಬರಿಯ ಕಥೆ ಕೇಳಿ ನಾವೂ ಒಂದು ನಿಯಮ ಮಾಡಿಕೊಂಡೆವು. ಮನೆಯೊಳಗೆ ಇಂಗ್ಲಿಷ್ ಮಾತಾಡಿದವನು ಬಿಸ್ಕತ್ತಿನ ಡಬ್ಬಿಗೆ ಹತ್ತು ಡಾಲರ್ ನಾಣ್ಯ ಹಾಕಬೇಕು. ಡಬ್ಬಿ ಬೇಗ ತುಂಬುತ್ತಿತ್ತು, ತಿಂಗಳ ಕೊನೆಗೆ ಅದರಲ್ಲೇ ಊಟ. ಮನೆಯ ಒಡತಿ ಅರವತ್ತು ದಾಟಿದವರು, ಕೆಳಗಿನ ಮಹಡಿಯಲ್ಲಿದ್ದರು. ನನ್ನನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ 'ಊಟ ಆಯ್ತಾ?' ಎಂದೇ ಕೇಳುತ್ತಿದ್ದರು, ಅಲ್ಲಿಯೂ ಹಾಗೆ ಕೇಳುವ ರೂಢಿ ಇದೆ. ಒಂದು ಸಂಜೆ ಬಾಡಿಗೆಗೆ ಬಂದವರು ಡಬ್ಬಿ ಏನೆಂದು ಕೇಳಿದರು. ನಾವು ಉತ್ಸಾಹದಿಂದ ಹೇಳಿದೆವು. ಅವರು ನಗಲಿಲ್ಲ. ಅವರ ಮನೆಮಾತು ತೈವಾನೀ, ಮ್ಯಾಂಡರಿನ್ ಅಲ್ಲ. ಅವರು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಶಾಲೆಯಲ್ಲಿ ಮನೆಮಾತು ಆಡುವಂತಿರಲಿಲ್ಲ. ಆಡಿದವರಿಗೆ ದಂಡ, ಇಲ್ಲವೇ ಕುತ್ತಿಗೆಗೆ ಹಲಗೆ. 'ನನ್ನ ಅಮ್ಮ ಕಲಿಸಿದ ಮಾತಿಗೆ ನಾನು ಹಲಗೆ ಹಾಕಿಕೊಂಡು ನಿಂತಿದ್ದೆ' ಎಂದರು. ನಮಗೆ ಅರ್ಥವಾಗಲಿ ಎಂದು ನಿಧಾನವಾಗಿ, ಎರಡು ಸಲ ಹೇಳಿದರು. ಅಲ್ಲಿಯ ಎಲ್ಲ ಭಾಷೆಗಳನ್ನೂ ರಾಷ್ಟ್ರಭಾಷೆಗಳೆಂದು ಒಪ್ಪುವ ಕಾನೂನು ಬಂದದ್ದು ನಾನು ವಾಪಸಾದ ಮೇಲೆ, 2019ರಲ್ಲಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮ ಎಂಟನೇ ತರಗತಿ, ಕಿಟಕಿ ಪಕ್ಕದ ಕೊನೆಯ ಬೆಂಚು, ತಾಂಡಾದಿಂದ ಬರುತ್ತಿದ್ದ ನಮ್ಮ ಗೆಳೆಯ. ಹೆಸರು ಹೇಳುವುದಿಲ್ಲ, ನಮ್ಮ ಬ್ಯಾಚಿನವರಿಗೆ ಗೊತ್ತು. ಮನೆಯಲ್ಲಿ ಲಂಬಾಣಿ ಮಾತು. ಒಂದು ದಿನ ತಡವಾಗಿ ಬಂದು ಬಾಗಿಲಲ್ಲಿ ನಿಂತು, 'ಸಾರ್, ಬಸ್ಸು ಹೋದ' ಎಂದ. ನಾವು ಎಷ್ಟು ನಕ್ಕೆವೆಂದರೆ ಪಾಠವೇ ನಿಂತಿತು. ಅವತ್ತಿನಿಂದ ಅವನ ಹೆಸರೇ 'ಬಸ್ಸು ಹೋದ'. ಆ ಹೆಸರಿಟ್ಟವನು ನಾನು. ಆಮೇಲೆ ಅವನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. ಮಾತಾಡದಿದ್ದವನನ್ನು ದಡ್ಡ ಎಂದೆವು. ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಯಾಕೆಂದು ನಾನು ಕೇಳಿರಲೂ ಇಲ್ಲ.

ನಾನು ಬಾವಿಗೆ ಇಳಿದದ್ದು ಬೆಂಡು ಕಟ್ಟಿಕೊಂಡು. ನಾನಾಗಿ ಕೇಳಿ ಹೋಗಿದ್ದೆ, ಕೈಗೆ ದುಡ್ಡು ಬರುತ್ತಿತ್ತು, ಒಂಬತ್ತು ತಿಂಗಳಿಗೆ ಮುಗಿಯುತ್ತದೆಂದು ಗೊತ್ತಿತ್ತು, ನನ್ನ ತಪ್ಪನ್ನು ತಿದ್ದಲೆಂದೇ ಒಬ್ಬರು ಹಗ್ಗ ಹಿಡಿದು ನಿಂತಿದ್ದರು. ಅವನನ್ನು ಹದಿಮೂರನೇ ವಯಸ್ಸಿಗೆ ಅರವತ್ತು ಜನರ ತರಗತಿಯಲ್ಲಿ ಬರೀ ಮೈಯಲ್ಲಿ ತಳ್ಳಿ, ಈಜು ಬರುವುದಿಲ್ಲ ಎಂದು ನಾವು ದಂಡೆಯ ಮೇಲೆ ನಿಂತು ನಕ್ಕಿದ್ದೆವು.

2018ರ ದೀಪಾವಳಿಗೆ ಊರಿಗೆ ಬಂದಾಗ ತಾಂಡಾಕ್ಕೆ ಹೋದೆ. ಹಬ್ಬಕ್ಕೆ ಅವರೆಲ್ಲ ಎಲ್ಲಿದ್ದರೂ ಬರುತ್ತಾರೆ. ಅವನು ಗೋವಾದಲ್ಲಿ ಗಾರೆ ಮೇಸ್ತ್ರಿ. ಗುರುತು ಹಿಡಿದು, 'ಏನೋ ಎಂಜಿನಿಯರ್' ಎಂದು ಹೆಗಲ ಮೇಲೆ ಕೈ ಹಾಕಿದ. ಲಂಬಾಣಿ, ಕನ್ನಡ, ಹಿಂದಿ, ಕೊಂಕಣಿ ನಾಲ್ಕೂ ಸಲೀಸು, ಜೊತೆಯ ಕೆಲಸದವರಿಂದ ಮಲಯಾಳವೂ ಸ್ವಲ್ಪ. ಕೊಂಕಣಿ ಕಲಿಯಲು ಎಷ್ಟು ದಿನ ಹಿಡಿಯಿತು ಎಂದೆ. 'ಒಂದು ಮಳೆಗಾಲ' ಎಂದ. ನಾನು ತೈಪೆಯಲ್ಲಿ ಮೇಷ್ಟ್ರುಗಳನ್ನು ಕೋಳಿಯ ಹಾಗೆ ಎಣಿಸಿದ್ದು ಹೇಳಿದೆ, ಹೊಟ್ಟೆ ಹಿಡಿದು ನಕ್ಕ. ಆಮೇಲೆ ಬಸ್ಸಿನ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ನಮ್ಮ ಮಾತಲ್ಲಿ ಗಾಡಿನೂ ಗಂಡು ಇಲ್ಲ ಹೆಣ್ಣು ಕಣೋ, ನಿಮ್ಮಂಗೆ ಅದು ಇದು ಅಂತ ಇಲ್ಲ. ಅದನ್ನ ಆವಾಗ ಹೇಳಾಕೆ ಬರ್ತಿರ್ಲಿಲ್ಲ' ಎಂದ. ಚೀನೀಯಲ್ಲಿ ಅವನು, ಅವಳು, ಅದು ಮೂರಕ್ಕೂ ಬಾಯಲ್ಲಿ ಹೇಳುವಾಗ 'ಥಾ' ಎಂಬ ಒಂದೇ ಪದ ಎಂದೆ. 'ಹಂಗಾದ್ರೆ ನಾನು ಅಲ್ಲೇ ಎಸ್ಸೆಸ್ಸೆಲ್ಸಿ ಕಟ್ಟಬೇಕಿತ್ತು ಬಿಡು' ಎಂದ. ನಾನು ತಪ್ಪಾಯ್ತು ಎಂದೆ. ಅದಕ್ಕೆ ಅವನು ಉತ್ತರ ಕೊಡಲಿಲ್ಲ, ಮಗಳನ್ನು ಕರೆದು ಚಹಾ ತರಲು ಹೇಳಿದ.

ನಾನು ಇಂಗ್ಲಿಷ್ ಮೀಡಿಯಂ ವಿರುದ್ಧ ಭಾಷಣ ಮಾಡುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ನನ್ನ ಮಗಳು ಬೆಂಗಳೂರಿನಲ್ಲಿ ಓದುತ್ತಿರುವುದು ಇಂಗ್ಲಿಷ್ ಶಾಲೆಯಲ್ಲೇ. ಮೊದಲ ವರ್ಷ ಅವಳೂ ಕಿಟಕಿ ಪಕ್ಕ ಸುಮ್ಮನೆ ಕೂತಿದ್ದಳಂತೆ. ಪಿಯುಸಿಯಲ್ಲಿ ನಾನೂ ಆರು ತಿಂಗಳು ಹಾಗೇ ಕೂತಿದ್ದೆ, ಇಲ್ಲಿಂದ ಹೋದ ಅನೇಕರು ಕೂತಿರುತ್ತೀರಿ. ಯಾವ ಭಾಷೆ ಎಂಬುದಕ್ಕಿಂತ ಬೆಂಡು ಇದೆಯೇ, ಹಗ್ಗ ಯಾರ ಕೈಯಲ್ಲಿದೆ ಎಂದು ನಾನೀಗ ನೋಡುತ್ತೇನೆ. ನಮ್ಮ ಶಾಲೆಯ ಎಂಟನೇ ತರಗತಿಗೆ ಈಗಲೂ ತಾಂಡಾದಿಂದ ಮಕ್ಕಳು ಬರುತ್ತಾರೆ, ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಬಂದವರ ತೆಲುಗು ಮನೆಮಾತಿನ ಮಕ್ಕಳೂ ಇದ್ದಾರೆ. ಬರುವ ಬೇಸಿಗೆ ರಜೆಯಲ್ಲಿ ಒಂದು ತಿಂಗಳು, ಏಳೆಂಟು ಮಕ್ಕಳ ಸಣ್ಣ ಗುಂಪು ಮಾಡಿ ಕನ್ನಡದ ತರಗತಿ ನಡೆಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ತಾಂಡಾದಲ್ಲೇ ಬಿ.ಎಡ್. ಮುಗಿಸಿದ ಹೆಣ್ಣುಮಗಳೊಬ್ಬರು ಪಾಠ ಮಾಡುತ್ತಾರೆ. ಅವರ ಗೌರವಧನ ನಮ್ಮ ಬ್ಯಾಚಿನದು.

ಕೊನೆಯದಾಗಿ ಒಂದು ಕೆಲಸದ ಮಾತು. ಈ ಸಮಾವೇಶದ ಆಹ್ವಾನ ಪತ್ರಿಕೆಯನ್ನು ಅವನಿಗೂ ಕಳಿಸಿದ್ದೆ. ಫೋನ್ ಮಾಡಿ, 'ನಂದು ಎಸ್ಸೆಸ್ಸೆಲ್ಸಿ ಆಗಿಲ್ವಲ್ಲೋ, ನಾನ್ಯಾವ ಹಳೇ ವಿದ್ಯಾರ್ಥಿ' ಎಂದ. ಸ್ಮರಣ ಸಂಚಿಕೆಯಲ್ಲಿ ಹಾಕುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯಿಂದ ಮಾಡುತ್ತಿದ್ದರು. ದಾಖಲಾತಿ ಪುಸ್ತಕದಿಂದ ಮಾಡಿ, ಎಂಟನೇ ತರಗತಿಗೆ ಒಂದು ದಿನ ಬಂದು ಕೂತವರದೂ ಸೇರಲಿ ಎಂದು ಸಮಿತಿಯನ್ನು ಕೇಳಿಕೊಂಡೆ. ಒಪ್ಪಿದ್ದಾರೆ, ಬರೆದುಕೊಡುವ ಕೆಲಸ ನನ್ನ ತಲೆಗೇ ಕಟ್ಟಿದ್ದಾರೆ. ಮುಂದಿನ ಶನಿವಾರ, ಭಾನುವಾರ ನಾನು ಶಾಲೆಯ ಆಫೀಸಿನಲ್ಲಿರುತ್ತೇನೆ. ಹಳೆಯ ಪುಸ್ತಕಗಳಲ್ಲಿ ಕೆಲವು ಹಾಳೆಗೆ ಗೆದ್ದಲು ಹಿಡಿದಿದೆ, ಹೆಸರುಗಳು ಓದಲು ಬರುತ್ತಿಲ್ಲ. ನಿಮ್ಮ ಬೆಂಚಿನಲ್ಲಿ ಯಾರು ಕೂರುತ್ತಿದ್ದರು, ಯಾರು ನಡುವೆ ಬಿಟ್ಟುಹೋದರು ಎಂದು ನೆನಪಿರುವವರು ದಯವಿಟ್ಟು ಬಂದು ಹೇಳಿ. ಹತ್ತು ಗಂಟೆಯಿಂದ ಇರುತ್ತೇನೆ.